ಮಗುವಿನ ಹೊಟ್ಟೆ, ಡಬ್ಬಿ ಮೇಲಿನ ಪ್ರೀಬಯಾಟಿಕ್, ಮನೆಯ ರಾಗಿ ಸರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳ ಒಪಿಡಿಯಲ್ಲಿ ಡಯಟಿಷಿಯನ್ ಆಗಿ ಕೂತವ್ರಿಗೆ ಲಸಿಕೆ ದಿನ ಬಿಡುವೇ ಇರಲ್ಲ. ಇಂಜೆಕ್ಷನ್ ಮುಗಿಸಿ ಹೊರಗೆ ಬಂದ ಅಮ್ಮಂದಿರು, ಜೊತೆಗೆ ಬಂದ ಅಜ್ಜಿಯರು, ಆಮೇಲೆ ರಾತ್ರಿ ಹನ್ನೊಂದು ಗಂಟೆಗೆ ವಾಟ್ಸಾಪ್‌ನಲ್ಲಿ ಡಬ್ಬಿ ಫೋಟೋ ಕಳಿಸೋ ಅಪ್ಪಂದಿರು, ಎಲ್ರೂ ತಿರುಗಾ ಮುರುಗಾ ಕೇಳೋದು ಇವೇ ಪ್ರಶ್ನೆ. ಅವರು ಕೇಳಿದ ಧಾಟಿಯಲ್ಲೇ ಇಟ್ಟಿದೀನಿ. ಇದೆಲ್ಲ ತಿಂಗಳು ತುಂಬಿ ಹುಟ್ಟಿದ, ಸುಮಾರು ಒಂದೂವರೆ ವರ್ಷದ ಒಳಗಿನ ಮಕ್ಕಳಿಗೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಪ್ರಶ್ನೆ ಕೊನೆ ಭಾಗದಲ್ಲಿ ಬೇರೆಯಾಗೇ ಇದೆ.

## ಶುರುವಿನ ಪ್ರಶ್ನೆಗಳು

ಪ್ರೀಬಯಾಟಿಕ್ ಅಂತಾರೆ, ಪ್ರೋಬಯಾಟಿಕ್ ಅಂತಾರೆ, ಎರಡೂ ಒಂದೇನಾ ಮೇಡಂ?

ಒಂದೇ ಅಲ್ಲ. ಪ್ರೋಬಯಾಟಿಕ್ ಅಂದ್ರೆ ಜೀವಂತ ಬ್ಯಾಕ್ಟೀರಿಯಾ, ಒಳ್ಳೇ ಜಾತೀವು. ಪ್ರೀಬಯಾಟಿಕ್ ಅಂದ್ರೆ ಆ ಬ್ಯಾಕ್ಟೀರಿಯಾಗಳ ಊಟ. ನಮ್ಮ ಸಣ್ಣ ಕರುಳಿಗೆ ಅರಗಿಸೋಕಾಗದ ಕೆಲವು ಸಕ್ಕರೆ ಸರಪಳಿಗಳು, ನಾರುಗಳು ಹಾಗೇ ದೊಡ್ಡ ಕರುಳಿಗೆ ಹೋಗ್ತವೆ, ಅಲ್ಲಿರೋ ಬಿಫಿಡೋಬ್ಯಾಕ್ಟೀರಿಯಾ ಥರದವು ಅದನ್ನ ತಿಂದು ಆಮ್ಲ ಬಿಡ್ತವೆ, ಆ ಆಮ್ಲದಿಂದ ಕೆಟ್ಟ ಜಾತಿಯವಕ್ಕೆ ಬೆಳೆಯೋದು ಕಷ್ಟ ಆಗತ್ತೆ, ಮಲಾನೂ ಮೆತ್ತಗಾಗತ್ತೆ. ಪ್ರೀಬಯಾಟಿಕ್ ಅನ್ನೋ ಹೆಸರು ಚಾಲ್ತಿಗೆ ಬಂದಿದ್ದು 1995ರಲ್ಲಿ, ಆದ್ರೆ ಎದೆಹಾಲು ಕುಡಿಯೋ ಮಕ್ಕಳ ಮಲದಲ್ಲಿ ಈ ಬಿಫಿಡೋ ಬ್ಯಾಕ್ಟೀರಿಯಾ ಇರೋದನ್ನ ಪ್ಯಾರಿಸ್‌ನಲ್ಲಿ ಹೆನ್ರಿ ಟಿಸಿಯೇ ಅನ್ನೋರು 1900ರ ಆಸುಪಾಸಲ್ಲೇ ಗುರುತಿಸಿದ್ರು.

ನನ್ನ ಎದೆಹಾಲಲ್ಲಿ ಇದೆಲ್ಲ ಇರತ್ತಾ, ಇಲ್ಲ ನಾನೇ ಏನಾದ್ರೂ ತಿನ್ಬೇಕಾ?

ಇರತ್ತೆ, ಧಾರಾಳವಾಗಿ ಇರತ್ತೆ. ಎದೆಹಾಲಲ್ಲಿ ನೀರು ಬಿಟ್ರೆ ಮೊದಲ ಸ್ಥಾನ ಲ್ಯಾಕ್ಟೋಸ್‌ಗೆ, ಎರಡನೇದು ಕೊಬ್ಬು, ಮೂರನೇದು ಈ ಸಕ್ಕರೆ ಸರಪಳಿಗಳು, ಅಂದ್ರೆ ಆಲಿಗೋಸ್ಯಾಕರೈಡ್‌ಗಳು, ಎದೆಹಾಲಿನವನ್ನ ಎಚ್‌ಎಂಓ ಅಂತ ಕರೀತಾರೆ. ಮೊದಲ ದಿನಗಳ ಗಿಣ್ಣುಹಾಲಲ್ಲಿ ಲೀಟರಿಗೆ 20ರಿಂದ 25 ಗ್ರಾಂ, ಆಮೇಲಿನ ಹಾಲಲ್ಲಿ 5ರಿಂದ 15 ಗ್ರಾಂ. ಇಷ್ಟನ್ನೂ ಮಗು ಅರಗಿಸ್ಕೊಳಲ್ಲ! ಅಮ್ಮನ ದೇಹ ಕಷ್ಟಪಟ್ಟು ಮಾಡೋ ಇಷ್ಟು ಸಕ್ಕರೆ ಮಗುವಿನ ಹೊಟ್ಟೇಲಿರೋ ಬ್ಯಾಕ್ಟೀರಿಯಾಗಳಿಗೆ ಹೋಗತ್ತೆ. ಹಸುವಿನ ಹಾಲಲ್ಲಿ ಇದು ಇಲ್ಲ ಅನ್ನೋಷ್ಟು ಕಮ್ಮಿ. ಅದಕ್ಕೇ ಆ ಹಳದಿ ಗಿಣ್ಣುಹಾಲನ್ನ ದಯವಿಟ್ಟು ಹಿಂಡಿ ಚೆಲ್ಲಬೇಡಿ, ಇನ್ನೂ ಕೆಲವು ಮನೇಲಿ ಚೆಲ್ಲಿಸ್ತಾರೆ.

ಎಚ್‌ಎಂಓ ಯಾವ್ಯಾವ ಥರದ್ದು ಎಷ್ಟಿರತ್ತೆ ಅನ್ನೋದು ಬಹುಪಾಲು ನಿಮ್ಮ ಜೀನ್ ಮೇಲೆ, ಹೆರಿಗೆ ಆಗಿ ಎಷ್ಟು ದಿನ ಆಯ್ತು ಅನ್ನೋದರ ಮೇಲೆ ನಿಂತಿರೋದು, ನೀವು ತಿಂದ ಊಟದ ಮೇಲೆ ಅಷ್ಟಾಗಿ ಅಲ್ಲ. ಆದ್ರೂ ಬಾಣಂತಿಗೆ ತರಕಾರಿ ಹಣ್ಣು ಎಲ್ಲ ಶೀತ ಅಂತ ನಿಲ್ಲಿಸಿ ಬರೀ ಮೆಣಸಿನ ಸಾರು, ಅನ್ನ, ತುಪ್ಪ ಕೊಟ್ರೆ ಮಲಬದ್ಧತೆ ಬರೋದು ಮಗೂಗಲ್ಲ, ಹೊಲಿಗೆ ಹಾಕಿಸ್ಕೊಂಡಿರೋ ಆ ಅಮ್ಮನಿಗೆ. ಅವಳಿಗೋಸ್ಕರ ಸೊಪ್ಪು, ಹಣ್ಣು ಕೊಡಿ.

ಎರಡು ತಿಂಗಳ ಮಗು, ಬರೀ ಎದೆಹಾಲು, ನಾಲ್ಕು ದಿನದಿಂದ ಕಕ್ಕ ಮಾಡಿಲ್ಲ, ಅತ್ತೆ ಗಾಬರಿಯಾಗಿದಾರೆ

ಮಗು ಹಾಲು ಕುಡೀತಿದೆ, ಉಚ್ಚೆ ಚೆನ್ನಾಗಿ ಮಾಡ್ತಿದೆ, ಹೊಟ್ಟೆ ಮೆತ್ತಗಿದೆ, ನಗ್ತಿದೆ ಅಂದ್ರೆ ಅತ್ತೆಗೆ ಒಂದು ಲೋಟ ಕಾಫಿ ಮಾಡ್ಕೊಟ್ಟು ಕೂರಿಸಿ. ಆರು ವಾರ ದಾಟಿದ್ಮೇಲೆ ಬರೀ ಎದೆಹಾಲು ಕುಡಿಯೋ ಮಗು ಒಂದು ವಾರ ಮಾಡದೇ ಇರೋದೂ ಉಂಟು, ದಿನಕ್ಕೆ ಆರೇಳು ಸಲ ಮಾಡೋದೂ ಉಂಟು. ಮಲಬದ್ಧತೆ ಅಂತ ಕರಿಯೋಕೆ ದಿನ ಎಣಿಸಬೇಡಿ, ಬಂದ ಮಲ ಹೆಂಗಿದೆ ನೋಡಿ, ಗೋಲಿ ಗೋಲಿಯಾಗಿ ಗಟ್ಟಿ ಬಂದ್ರೆ ಮಲಬದ್ಧತೆ, ವಾರದ ನಂತರ ಬಂದ್ರೂ ಮೆತ್ತಗೇ ಬಂದ್ರೆ ಅಲ್ಲ. ವೀಳ್ಯದೆಲೆ ತೊಟ್ಟಿಗೆ ಎಣ್ಣೆ ಹಚ್ಚಿ ಇಡೋದು, ಸೋಪಿನ ಚೂರು ಇಡೋದು ಬೇಡ.

ಮಾಡೋ ಮುಂಚೆ ಮುಖ ಕೆಂಪಗೆ ಮಾಡ್ಕೊಂಡು ತಿಣುಕಿ ಅಳುತ್ತೆ, ಆಮೇಲೆ ನೋಡಿದ್ರೆ ಮೆತ್ತಗೇ ಇರತ್ತೆ, ಏನಿದು?

ತಿಣುಕೋಕೆ ಹೊಟ್ಟೆ ಬಿಗಿ ಹಿಡೀಬೇಕು, ಅದೇ ಹೊತ್ತಿಗೆ ಕೆಳಗಡೆ ಸಡಿಲ ಬಿಡ್ಬೇಕು. ಇವೆರಡನ್ನ ಒಟ್ಟಿಗೆ ಮಾಡೋದು ಇನ್ನೂ ಕಲಿತಿಲ್ಲ, ಅಷ್ಟೇ. ಒಂಬತ್ತು ತಿಂಗಳ ಒಳಗಿನ ಮಕ್ಕಳಲ್ಲಿ ಸಾಮಾನ್ಯ, ಹತ್ತು ಹದಿನೈದು ನಿಮಿಷ ಒದ್ದಾಡಬಹುದು. ತಾನಾಗೇ ಹೋಗತ್ತೆ, ಇದಕ್ಕೆ ಪ್ರೀಬಯಾಟಿಕ್ ಡ್ರಾಪ್ಸೂ ಬೇಡ ಬೇರೇದೂ ಬೇಡ.

ಹಾಗಾದ್ರೆ ಯಾವಾಗ ಡಾಕ್ಟರ್ ಹತ್ರ ಓಡ್ಬೇಕು?

ಹಸಿರು ಬಣ್ಣದ ವಾಂತಿ ಆದ್ರೆ ಆವತ್ತೇ, ಆ ಗಂಟೆಯಲ್ಲೇ. ಮಲದಲ್ಲಿ ರಕ್ತ, ಹೊಟ್ಟೆ ಉಬ್ಬಿ ಬಿಗಿಯಾಗೋದು, ಹಾಲು ಬಿಡೋದು, ಮೂರು ತಿಂಗಳ ಒಳಗಿನ ಮಗೂಗೆ ಜ್ವರ, ಆರು ಎಂಟು ಗಂಟೆ ಉಚ್ಚೆ ಇಲ್ದೇ ಇರೋದು, ಇವೆಲ್ಲ ಕಾಯೋ ವಿಷಯ ಅಲ್ಲ. ಹುಟ್ಟಿ 48 ಗಂಟೆ ಒಳಗೆ ಮೊದಲ ಕಪ್ಪು ಮಲ ಹೋಗಿರಲಿಲ್ಲ ಅಂದ್ರೆ ಅದನ್ನ ಡಾಕ್ಟರ್‌ಗೆ ಹೇಳಿ, ಈಗ ಮಗೂಗೆ ಎಷ್ಟೇ ತಿಂಗಳಾಗಿರ್ಲಿ. ಇನ್ನೊಂದು, ಮಲ ಸುಣ್ಣದ ಥರ ಬೆಳ್ಳಗೆ ಬರ್ತಿದ್ರೆ ಪಿತ್ತನಾಳದ ತೊಂದರೆ ಇರಬಹುದು, ಅದಕ್ಕೆ ಆಪರೇಷನ್ ಬೇಗ ಆದಷ್ಟೂ ಒಳ್ಳೇದು. ಹಳದಿ, ಸಾಸಿವೆ ಬಣ್ಣ, ಹಸಿರು, ಕಂದು ಇವೆಲ್ಲ ಪರವಾಗಿಲ್ಲ.

## ಡಬ್ಬಿ ಹಾಲಿನ ಬಗ್ಗೆ

ಡಬ್ಬಿ ಹಿಂದೆ ಜಿಓಎಸ್, ಎಫ್‌ಓಎಸ್ ಅಂತ ಬರೆದಿದೆ, ಇದು ಕೆಮಿಕಲ್ಲಾ? ಮಗೂಗೆ ಏನೂ ಆಗಲ್ವಾ?

ಇವೆರಡೂ ಡಬ್ಬಿ ಹಾಲಿಗೆ ಸೇರಿಸೋ ಪ್ರೀಬಯಾಟಿಕ್ ಸಕ್ಕರೆ ಸರಪಳಿಗಳ ಹೆಸರು. ಜಿಓಎಸ್‌ನ ಹಾಲಿನ ಲ್ಯಾಕ್ಟೋಸ್‌ಗೆ ಎನ್‌ಜೈಮ್ ಹಾಕಿ ಮಾಡ್ತಾರೆ. ಎಫ್‌ಓಎಸ್, ಇನುಲಿನ್ ಸಾಮಾನ್ಯವಾಗಿ ಚಿಕೋರಿ ಬೇರಿಂದ ಬರೋದು, ಹೌದು ನಿಮ್ಮ ಫಿಲ್ಟರ್ ಕಾಫಿಗೆ ಬೆರೆಸೋ ಅದೇ ಚಿಕೋರಿ; ಈರುಳ್ಳಿ ಬೆಳ್ಳುಳ್ಳಿಯಲ್ಲೂ ಇರೋದೇ ಇದು. ಡಬ್ಬಿ ಮೇಲೆ ಆಲಿಗೋಫ್ರಕ್ಟೋಸ್ ಅಂತಾನೂ ಬರೆದಿರ್ತಾರೆ, ಹೆಚ್ಚು ಕಮ್ಮಿ ಅದೇ ಗುಂಪು. ಮಾಲ್ಟೋಡೆಕ್ಸ್ಟ್ರಿನ್ ಅಂತ ಕಂಡ್ರೆ ಅದು ಈ ಲೆಕ್ಕಕ್ಕೆ ಬರಲ್ಲ, ಅದು ಬೇಗ ಅರಗೋ ಪಿಷ್ಟ ಅಷ್ಟೇ.

ಹೆಚ್ಚು ಪರೀಕ್ಷೆ ಆಗಿರೋ ಮಿಶ್ರಣದಲ್ಲಿ ಒಂಬತ್ತು ಪಾಲು ಜಿಓಎಸ್, ಒಂದು ಪಾಲು ಉದ್ದ ಸರಪಳಿಯ ಎಫ್‌ಓಎಸ್, 100 ಎಂಎಲ್ ಹಾಲಿಗೆ 0.8 ಗ್ರಾಂ. ಯುರೋಪಲ್ಲಿ ಎರಡು ದಶಕಕ್ಕೂ ಮೇಲಿಂದ ಬಳಕೆಯಲ್ಲಿದೆ, ಆರೋಗ್ಯವಾಗಿರೋ ಮಕ್ಕಳಿಗೆ ಇದರಿಂದ ತೊಂದರೆ ಆಗಿದ್ದು ಕಂಡುಬಂದಿಲ್ಲ. ಹಸುವಿನ ಹಾಲಿನ ಅಲರ್ಜಿ ಇದೆ ಅಂತ ಗೊತ್ತಾಗಿರೋ ಮಗೂಗೆ ಮಾತ್ರ ಯಾವ ಡಬ್ಬಿಯನ್ನೂ ನೀವೇ ಆರಿಸಬೇಡಿ.

ಪ್ರೀಬಯಾಟಿಕ್ ಇರೋ ಡಬ್ಬಿಗೆ ರೇಟ್ ಜಾಸ್ತಿ, ಕೊಡ್ಲಾ ಬೇಡ್ವಾ? ನೇರವಾಗಿ ಹೇಳಿ

ನೇರವಾಗಿ ಹೇಳ್ತೀನಿ. ಪ್ರೀಬಯಾಟಿಕ್ ಹಾಕಿದ ಫಾರ್ಮುಲಾ, ಅಂದ್ರೆ ಡಬ್ಬಿ ಹಾಲು, ಕುಡಿದ ಮಕ್ಕಳಲ್ಲಿ ಮಲ ಮೆತ್ತಗಾಗತ್ತೆ, ಸ್ವಲ್ಪ ಜಾಸ್ತಿ ಸಲ ಹೋಗ್ತವೆ, ಬಿಫಿಡೋ ಬ್ಯಾಕ್ಟೀರಿಯಾ ಹೆಚ್ಚತ್ತೆ, ಮಲದ ಆಮ್ಲೀಯತೆ ಎದೆಹಾಲು ಕುಡಿಯೋ ಮಕ್ಕಳಿಗೆ ಹತ್ತಿರ ಬರತ್ತೆ. ಇಷ್ಟು ಬಹಳಷ್ಟು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ, ನಂಬಬಹುದು. ಇದರಿಂದ ಅಳು ನಿಲ್ಲತ್ತೆ, ಶೀತ ಕೆಮ್ಮು ಬರಲ್ಲ, ಬುದ್ಧಿ ಚುರುಕಾಗತ್ತೆ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಗೆ ಸಾಕ್ಷಿ ತೆಳ್ಳಗಾಗತ್ತೆ. ಅಲರ್ಜಿ ವಿಷಯದಲ್ಲಿ ವಿಶ್ವ ಅಲರ್ಜಿ ಸಂಸ್ಥೆ, ಬರೀ ಎದೆಹಾಲು ಕುಡಿಯದ ಮಕ್ಕಳಿಗೆ ಪ್ರೀಬಯಾಟಿಕ್ ಕೊಡಬಹುದು ಅಂತ ಹೇಳಿದೆ, ಆದ್ರೆ ಜೊತೆಗೇ ಆಧಾರ ತೀರಾ ದುರ್ಬಲ ಅಂತಾನೂ ಬರೆದಿದೆ. ಯುರೋಪಿನ ಮಕ್ಕಳ ಜಠರತಜ್ಞರ ಸಂಘ 2011ರಲ್ಲಿ ಎಲ್ಲಾ ಮಕ್ಕಳಿಗೂ ಇದೇ ಬೇಕು ಅಂತ ಶಿಫಾರಸು ಮಾಡೋಷ್ಟು ಪುರಾವೆ ಇಲ್ಲ ಅಂದಿತ್ತು.

ಹಾಗಾಗಿ ಡಾಕ್ಟರ್ ಫಾರ್ಮುಲಾ ಕೊಡಿ ಅಂದಿದಾರೆ, ಮಗೂಗೆ ಗಟ್ಟಿ ಆಗ್ತಿದೆ, ಕೈಯಲ್ಲಿ ದುಡ್ಡಿದೆ ಅಂದ್ರೆ ತಗೊಳ್ಳಿ. ದುಡ್ಡು ಬಿಗಿ ಇದ್ರೆ ಮಾಮೂಲಿ ಫಾರ್ಮುಲಾ ಸರಿಯಾದ ಅಳತೇಲಿ ಕೊಡಿ. ದುಬಾರಿ ಡಬ್ಬಿ ತಂದು ತಿಂಗಳ ಕೊನೆ ತನಕ ಬರ್ಲಿ ಅಂತ ನೀರು ಜಾಸ್ತಿ ಹಾಕೋರನ್ನ ನಾನು ನೋಡ್ತಾನೇ ಇರ್ತೀನಿ, ಆ ಮಗುವಿನ ತೂಕ ಏರದೇ ಇರೋದಕ್ಕೆ ಯಾವ ಪ್ರೀಬಯಾಟಿಕ್ಕೂ ಏನೂ ಮಾಡೋಕಾಗಲ್ಲ.

ಅಮೆರಿಕದಲ್ಲಿರೋ ನಮ್ಮಕ್ಕ ಎಚ್‌ಎಂಓ ಇರೋ ಡಬ್ಬಿ ತರ್ತೀನಿ ಅಂತಿದಾಳೆ, ಎದೆಹಾಲಿಗೆ ಸಮ ಅಂತೆ ಹೌದಾ?

ಸಮ ಅಲ್ಲ. ಎದೆಹಾಲಲ್ಲಿ ಇನ್ನೂರರ ಹತ್ತಿರ ಬಗೆಯ ಎಚ್‌ಎಂಓ ಗುರುತಿಸಿದಾರೆ, ಡಬ್ಬಿಯಲ್ಲಿ ಸಾಮಾನ್ಯವಾಗಿ ಒಂದು, ಹೆಚ್ಚಂದ್ರೆ ಕೈಬೆರಳಲ್ಲಿ ಎಣಿಸೋಷ್ಟು. 2-ಎಫ್‌ಎಲ್ ಅನ್ನೋ ಎಚ್‌ಎಂಓ ಮೊದಲು ಬಂದಿದ್ದು, ಸೂಕ್ಷ್ಮಜೀವಿಗಳಿಂದ ಹುದುಗಿಸಿ ತಯಾರಿಸ್ತಾರೆ, 2016ರಿಂದ ಅಲ್ಲಿ ಮಾರುಕಟ್ಟೇಲಿದೆ. ಇನ್ನೊಂದು ತಮಾಷೆ ಅಂದ್ರೆ ಪ್ರಪಂಚದಲ್ಲಿ ಸುಮಾರು ಐದರಲ್ಲಿ ಒಬ್ಬ ತಾಯಿಯ ಹಾಲಲ್ಲಿ ಈ 2-ಎಫ್‌ಎಲ್ ಇರೋದೇ ಇಲ್ಲ, ಅದು ಜೀನ್ ವಿಷಯ, ಆ ಮಕ್ಕಳೂ ಚೆನ್ನಾಗೇ ಬೆಳೀತಾರೆ. ಅಕ್ಕ ಬರ್ತಿದ್ರೆ ಬೇರೆ ಏನಾದ್ರೂ ತರೋಕೆ ಹೇಳಿ, ಎರಡು ಡಬ್ಬಿ ತಂದು ಮುಗಿದ್ಮೇಲೆ ಇಲ್ಲಿನ ಬ್ರ್ಯಾಂಡಿಗೆ ಬದಲಿಸೋ ಪೀಕಲಾಟ ಬೇರೆ.

ಕುದಿಯೋ ನೀರು ಹಾಕಿದ್ರೆ ಪ್ರೀಬಯಾಟಿಕ್ ಸತ್ತೋಗಲ್ವಾ?

ಸಾಯೋಕೆ ಅದಕ್ಕೆ ಜೀವ ಇಲ್ಲ. ಜಿಓಎಸ್ ಎಫ್‌ಓಎಸ್ ಬಿಸಿನೀರಿಗೆ ಹಾಳಾಗಲ್ಲ, ಸಾಯೋದು ಪ್ರೋಬಯಾಟಿಕ್. ಕೆಲವು ಡಬ್ಬೀಲಿ ಎರಡೂ ಇರ್ತವೆ, ಅದಕ್ಕೇ ಅಲ್ಲಿ ಉಗುರುಬೆಚ್ಚಗಿನ ನೀರು ಅಂತ ಬರೆದಿರೋದು. ಆದ್ರೆ ಫಾರ್ಮುಲಾ ಪುಡಿ ಸ್ಟೆರೈಲ್ ಅಲ್ಲ, ಕ್ರೋನೋಬ್ಯಾಕ್ಟರ್ ಅನ್ನೋ ಅಪಾಯದ ಬ್ಯಾಕ್ಟೀರಿಯಾ ಅಪರೂಪಕ್ಕೆ ಸೇರಿರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ನೀರು 70 ಡಿಗ್ರಿಗಿಂತ ಕಮ್ಮಿ ಇರಬಾರದು ಅಂತ. ಕುದಿಸಿ ಇಳಿಸಿ ಅರ್ಧ ಗಂಟೆ ಮೀರದಂತೆ ಬಿಟ್ಟು ಪುಡಿ ಕಲಸಿ, ಆಮೇಲೆ ಬಾಟಲ್‌ನ ತಣ್ಣೀರಲ್ಲಿ ಹಿಡಿದು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ ಕೊಡಿ. ಎರಡು ತಿಂಗಳ ಒಳಗಿನ ಮಗು ಅಥವಾ ಕಮ್ಮಿ ತೂಕದ ಮಗು ಆಗಿದ್ರೆ ಪ್ರೋಬಯಾಟಿಕ್ ಉಳಿಸೋದಕ್ಕಿಂತ ಈ ಸುರಕ್ಷತೆ ಮುಖ್ಯ. ಎರಡು ಗಂಟೇಲಿ ಕುಡೀದೇ ಉಳಿದದ್ದು ಚೆಲ್ಲಿ.

ಆನ್‌ಲೈನ್‌ನಲ್ಲಿ ಇನುಲಿನ್ ಪೌಡರ್ ಸಿಗತ್ತೆ, ಅದನ್ನೇ ಬಾಟಲ್‌ಗೆ ಒಂದು ಚಮಚ ಹಾಕಿದ್ರೆ ಚೀಪಾಗತ್ತಲ್ವಾ?

ಬೇಡವೇ ಬೇಡ. ಫಾರ್ಮುಲಾದಲ್ಲಿ ಇರೋದು 100 ಎಂಎಲ್‌ಗೆ ಒಂದು ಗ್ರಾಂಗಿಂತ ಕಮ್ಮಿ, ನಿಮ್ಮ ಒಂದು ಟೀ ಚಮಚದಲ್ಲಿ ಅದರ ಹಲವು ಪಟ್ಟು ಬೀಳತ್ತೆ. ಅರಗದ ಸಕ್ಕರೆ ಅಷ್ಟು ಒಟ್ಟಿಗೆ ಹೋದ್ರೆ ಕರುಳಿಗೆ ನೀರು ಎಳ್ಕೊಂಡು ಗ್ಯಾಸ್, ನೀರು ಭೇದಿ. ದೊಡ್ಡವರಿಗೆ ಅಂತ ಪ್ಯಾಕ್ ಮಾಡಿದ ಪುಡಿ ಎಳೇ ಮಗೂಗಲ್ಲ.

ಟಿವಿಲಿ ಎಲ್ಲಾ ಜಾಹೀರಾತೂ ಬರತ್ತೆ, ಇದ್ರದ್ದು ಮಾತ್ರ ಬರಲ್ಲ ಯಾಕೆ?

ಕಾನೂನು ಇದೆ. ಎದೆಹಾಲಿಗೆ ಬದಲಾಗಿ ಕೊಡೋ ಡಬ್ಬಿ ಹಾಲು, ಬಾಟಲ್‌ಗಳ ಮೇಲಿನ 1992ರ ಐಎಂಎಸ್ ಕಾಯ್ದೆ, 2003ರಲ್ಲಿ ಇನ್ನೂ ಬಿಗಿ ಮಾಡಿದ್ರು. ಎರಡು ವರ್ಷದ ಒಳಗಿನ ಮಕ್ಕಳ ಡಬ್ಬಿ ಹಾಲು, ಫೀಡಿಂಗ್ ಬಾಟಲ್, ಮಕ್ಕಳ ಆಹಾರ ಯಾವುದನ್ನೂ ಜಾಹೀರಾತು ಮಾಡೋ ಹಾಗಿಲ್ಲ, ಸ್ಯಾಂಪಲ್ ಹಂಚೋ ಹಾಗಿಲ್ಲ, ಡಬ್ಬಿ ಮೇಲೆ ಮುದ್ದು ಮಗುವಿನ ಫೋಟೋ ಹಾಕೋ ಹಾಗಿಲ್ಲ. ಡಬ್ಬಿ ನೋಡಿ, ಗೊಂಬೆ ಕರಡಿನೋ ಪಕ್ಷಿನೋ ಇರತ್ತೆ, ಮಗು ಇರಲ್ಲ. ರೀಲ್ಸ್‌ನಲ್ಲಿ ಯಾರೋ ಅಮ್ಮ ಡಬ್ಬಿ ಹಿಡ್ಕೊಂಡು ನಮ್ ಪಾಪುಗೆ ಇದೇ ಆಗಿದ್ದು ಅಂತ ಹೇಳ್ತಿದ್ರೆ ಅದು ಅನುಭವನೋ ವ್ಯಾಪಾರನೋ ಅಂತ ಒಂದು ಸಲ ಯೋಚನೆ ಮಾಡಿ.

## ಆರು ತಿಂಗಳಾದ್ಮೇಲೆ, ಅಡುಗೆಮನೆ

ರಾಗಿ ಸರಿಯಲ್ಲಿ ಪ್ರೀಬಯಾಟಿಕ್ ಇದ್ಯಾ? ಇದ್ರೆ ಡಬ್ಬಿ ಯಾಕೆ?

ಇದು ನಂಗೆ ಇಷ್ಟದ ಪ್ರಶ್ನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 364 ಮಿಲಿಗ್ರಾಂ ಕ್ಯಾಲ್ಸಿಯಂ. ನಾರಲ್ಲಿ ಬಹುಪಾಲು ಕರಗದ ನಾರು, ಅದು ಮಲಕ್ಕೆ ಗಾತ್ರ ಕೊಡತ್ತೆ. ಬ್ಯಾಕ್ಟೀರಿಯಾ ತಿನ್ನೋ ಪಾಲು ಅದರ ಒಳಗೇ ಸ್ವಲ್ಪ ಇರತ್ತೆ. ಪ್ರೀಬಯಾಟಿಕ್ ಅಂತ ಲೇಬಲ್ ಹಚ್ಚೋಕೆ ಬೇಕಾದಂಥ ಪರೀಕ್ಷೆ ಎಳೇ ಮಕ್ಕಳಲ್ಲಿ ರಾಗಿ ಮೇಲೆ ಆಗಿಲ್ಲ, ಆದ್ರೆ ಆರು ತಿಂಗಳ ಮೇಲೆ ಹೊಟ್ಟೆಯ ಬ್ಯಾಕ್ಟೀರಿಯಾ ಬಳಗ ಬೆಳೆಯೋದು ಇಂಥ ಬೇರೆ ಬೇರೆ ಧಾನ್ಯ, ಬೇಳೆ, ತರಕಾರಿಯ ನಾರಿಂದಾನೇ.

ಆದ್ರೆ ಸರಿ ಹೆಂಗೆ ಮಾಡ್ತೀರಿ ಅನ್ನೋದರಲ್ಲಿ ಎಲ್ಲಾ ಇದೆ. ಒಂದು ಮನೇಲಿ ರಾಗಿ ನೆನೆಹಾಕಿ, ರುಬ್ಬಿ, ಬಿಳಿ ಪಂಚೆಯಲ್ಲಿ ಹಿಂಡಿ, ಹಾಲು ಮಾತ್ರ ತಗೊಂಡು ಮಣ್ಣಿ ಕಾಯಿಸ್ತಾರೆ, ಆಗ ನಾರೆಲ್ಲ ಬಟ್ಟೇಲೇ ಉಳಿಯತ್ತೆ, ಗಂಟಲಿಗೆ ನುಣ್ಣಗೆ ಇಳಿಯತ್ತೆ, ಆರು ಏಳು ತಿಂಗಳಿಗೆ ಅದೇ ಸರಿ. ಇನ್ನೊಂದು ಮನೇಲಿ ರಾತ್ರಿ ನೆನೆಸಿ, ಒದ್ದೆ ಬಟ್ಟೇಲಿ ಕಟ್ಟಿ ಮೊಳಕೆ ಬರ್ಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಪುಡಿ ಮಾಡಿ ಜರಡಿ ಹಿಡೀತಾರೆ, ಇದರಲ್ಲಿ ನಾರು ಸ್ವಲ್ಪ ಉಳಿಯತ್ತೆ. ಒಂಬತ್ತು ತಿಂಗಳ ಹೊತ್ತಿಗೆ ಬಟ್ಟೆಯಿಂದ ಜರಡಿಗೆ, ಆಮೇಲೆ ವರ್ಷಕ್ಕೆ ಮನೆಯವರ ರಾಗಿ ಹಿಟ್ಟಿಗೇ ಬನ್ನಿ.

ಮೊಳಕೆ ಬರ್ಸೋದರ ದೊಡ್ಡ ಲಾಭ ಬೇರೇನೇ ಇದೆ. ಮೊಳಕೆಯಲ್ಲಿ ಅಮೈಲೇಸ್ ಅನ್ನೋ ಎನ್‌ಜೈಮ್ ಹುಟ್ಟತ್ತೆ, ಅದು ಪಿಷ್ಟವನ್ನ ಕತ್ತರಿಸತ್ತೆ. ಮಾಮೂಲಿ ಹಿಟ್ಟಿನ ಸರಿ ಸೌಟು ನಿಲ್ಲೋ ಹಾಗೆ ಗಟ್ಟಿ ಆಗಿದೆ ಅಂದ್ಕೊಳ್ಳಿ, ಅದನ್ನ ಒಲೆಯಿಂದ ಇಳಿಸಿ, ಕುದಿ ನಿಂತು ಬಿಸಿ ಸ್ವಲ್ಪ ತಗ್ಗಿದ್ಮೇಲೆ ಮೊಳಕೆ ರಾಗಿ ಹಿಟ್ಟು ಒಂದು ಚಮಚ ಹಾಕಿ ತಿರುವಿ, ನೋಡ್ತಾ ನೋಡ್ತಾ ಕೆಲವೇ ನಿಮಿಷಕ್ಕೆ ನೀರಾಗಿ ಜಾರೋಕೆ ಶುರುವಾಗತ್ತೆ. ಆಮೇಲೆ ಒಂದು ಕುದಿ ಬರ್ಸಿ ಕೊಡಿ. ಅಂದ್ರೆ ನೀರು ಸುರಿದು ತೆಳ್ಳಗೆ ಮಾಡದೇನೇ, ಅಷ್ಟೇ ಸಣ್ಣ ಬಟ್ಟಲಲ್ಲಿ ಜಾಸ್ತಿ ಹಿಟ್ಟು ಮಗುವಿನ ಹೊಟ್ಟೆಗೆ ಹೋಗತ್ತೆ, ಸಣ್ಣ ಹೊಟ್ಟೆಗೆ ಇದೇ ಮುಖ್ಯ. ಮೊಳಕೆ ರಾಗಿಯನ್ನ ಕಂದು ಬಣ್ಣಕ್ಕೆ ಘಮ್ ಅನ್ನೋ ತನಕ ಹುರಿದ್ರೆ ಈ ಎನ್‌ಜೈಮ್ ಸುಟ್ಟೋಗತ್ತೆ, ಆಮೇಲೆ ಬರೀ ರುಚಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ಮೊಳಕೆ ಧಾನ್ಯದ ಮಕ್ಕಳ ಆಹಾರದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದು ಈ ಕಾರಣಕ್ಕೇನೆ.

ರಾಗಿ ಶುರು ಮಾಡಿದ್ಮೇಲೇ ಮಗೂಗೆ ಕಕ್ಕ ಗಟ್ಟಿ ಆಗಿರೋದು, ನಿಲ್ಲಿಸ್ಬಿಡ್ಲಾ?

ರಾಗಿ ಮೇಲೆ ಪೂರ್ತಿ ತಪ್ಪು ಹೊರಿಸಬೇಡಿ. ಏಳು ತಿಂಗಳಲ್ಲಿ ಎದೆಹಾಲು ಸಡನ್ನಾಗಿ ಕಮ್ಮಿ ಮಾಡಿ, ದಿನಕ್ಕೆ ಮೂರು ಹೊತ್ತು ಮುದ್ದೆಯಂಥ ಸರಿ ಕೊಟ್ಟು, ನೀರು ಕೊಡೋದೇ ಮರ್ತಿರ್ತಾರೆ. ಸರಿ ಚಮಚದಿಂದ ನಿಧಾನಕ್ಕೆ ಜಾರೋ ಹದಕ್ಕೆ ಇರ್ಲಿ, ಊಟದ ಜೊತೆ ಕುದಿಸಿ ಆರಿಸಿದ ನೀರು ಎರಡು ಮೂರು ಗುಟುಕು, ಹಾಲು ಮೊದಲಿನಷ್ಟೇ. ಪರಂಗಿ, ಸೀಬೆಯ ಮೆತ್ತನೆ ಭಾಗ, ನೆನೆಸಿ ಕಿವುಚಿದ ಒಣದ್ರಾಕ್ಷಿ ಕೊಡಿ. ಇನ್ನೊಂದು ಕಾರಣ ಹಸುವಿನ ಹಾಲು, ವರ್ಷದೊಳಗೆ ಅದನ್ನ ಕುಡಿಯೋ ಹಾಲಾಗಿ ಕೊಡಬೇಡಿ.

ಬಾಳೆಹಣ್ಣು ಕಟ್ಟುತ್ತೆ ಅಂತಾರೆ ಕೆಲವರು, ಸಡಿಲ ಮಾಡತ್ತೆ ಅಂತಾರೆ ಕೆಲವರು. ನಮ್ ಕಡೆ ನೇಂದ್ರ ಬಾಳೆಕಾಯಿ ಹುಡಿ ಕೊಡ್ತಾರೆ, ಅದು?

ಇಬ್ರೂ ಸರಿ, ಹಣ್ಣು ಬೇರೆ ಬೇರೆ. ಕಾಯಲ್ಲಿ ರೆಸಿಸ್ಟೆಂಟ್ ಸ್ಟಾರ್ಚ್ ಅಂತ ಅರಗದ ಪಿಷ್ಟ ಇರತ್ತೆ, ಅದು ದೊಡ್ಡ ಕರುಳಲ್ಲಿ ಬ್ಯಾಕ್ಟೀರಿಯಾಗೆ ಆಹಾರ ಆಗತ್ತೆ, ಹಣ್ಣಾಗ್ತಾ ಹೋದಂಗೆ ಅದು ಸಕ್ಕರೆ ಆಗತ್ತೆ. ಬಾಂಗ್ಲಾದೇಶದಲ್ಲಿ ಎರಡು ವಾರ ದಾಟಿದ ಭೇದಿ ಇದ್ದ, ಒಂದು ವರ್ಷದ ಒಳಗಿನ ಮಕ್ಕಳಿಗೆ ಬೇಯಿಸಿದ ಬಾಳೆಕಾಯಿ ಬೆರೆಸಿದ ಅನ್ನದ ಗಂಜಿ ಕೊಟ್ಟು ನೋಡಿದ್ರು, 2001ರಲ್ಲಿ ಪ್ರಕಟವಾಯ್ತು, ಬರೀ ಗಂಜಿ ಕುಡಿದವರಿಗಿಂತ ಇವರಿಗೆ ಭೇದಿ ಬೇಗ ನಿಂತಿತ್ತು. ಕರಾವಳಿ, ಮಲೆನಾಡಿನ ಅಜ್ಜಿಯರ ಬಾಳೆಕಾಯಿ ಹುಡಿ ಗಂಜಿ, ಈಗ ಬಾಕಾಹು ಅಂತ ಹೆಸರಾಗಿದೆ, ಅದೇ ದಾರಿಯದ್ದು. ಬೇಯಿಸಿದಾಗ ಅರಗದ ಪಿಷ್ಟ ಒಂದಷ್ಟು ಕಮ್ಮಿ ಆಗತ್ತೆ, ಪರವಾಗಿಲ್ಲ, ಹಸಿ ಹುಡಿ ಮಾತ್ರ ಕೊಡಬೇಡಿ. ಚುಕ್ಕೆ ಬಿದ್ದ ಏಲಕ್ಕಿ ಬಾಳೆ ದಿನಾ ಕೊಡಬಹುದು, ಶೀತ ಆಗಲ್ಲ.

ಬೇಳೆ ಕೊಟ್ರೆ ಗ್ಯಾಸ್ ಆಗತ್ತೆ ಅಂತ ಬರೀ ತಿಳಿನೀರು ಕೊಡ್ತಿದೀವಿ

ತಿಳಿನೀರಲ್ಲಿ ಉಪ್ಪು, ಅರಿಶಿನ, ಬಣ್ಣ ಇದೆ, ಬೇಳೆ ಇಲ್ಲ. ಬೇಳೇಲಿರೋ ರಾಫಿನೋಸ್ ಥರದ ಸಕ್ಕರೆಗಳು ನಮ್ಮ ಕರುಳಲ್ಲಿ ಅರಗಲ್ಲ, ಬ್ಯಾಕ್ಟೀರಿಯಾ ತಿಂತವೆ, ಗ್ಯಾಸ್ ಬರೋದು ಅದಕ್ಕೇನೇ. ಹಂಗೆ ನೋಡಿದ್ರೆ ದುಡ್ಡು ಕೊಟ್ಟು ಡಬ್ಬೀಲಿ ತಗೊಳ್ಳೋ ಜಿಓಎಸ್‌ನ ಸೋದರಸಂಬಂಧಿ ಇದು. ಹೆಸರುಬೇಳೆಯಿಂದ ಶುರು ಮಾಡಿ, ಎರಡು ಗಂಟೆ ನೆನೆಸಿ ಆ ನೀರು ಚೆಲ್ಲಿ, ಚಿಟಿಕೆ ಇಂಗು ಬೇಕಾದ್ರೆ ಹಾಕಿ ಮೆತ್ತಗೆ ಬೇಯಿಸಿ ಕಿವುಚಿ, ಒಂದು ಚಮಚದಿಂದ ಹೆಚ್ಚಿಸ್ತಾ ಬನ್ನಿ. ವರ್ಷದ ತನಕ ಉಪ್ಪು ಬೇಡ.

ಡಬ್ಬಿ ಸೀರಿಯಲ್ ಮೇಲೆ ಪ್ರೀಬಯಾಟಿಕ್ ಫೈಬರ್ ಸೇರಿಸಿದೆ ಅಂತ ದೊಡ್ಡದಾಗಿ ಇದೆ, ಕೊಡ್ಬೋದಾ?

ಮುಂದೆ ದೊಡ್ಡದಾಗಿ ಇರೋದನ್ನ ಬಿಟ್ಟು ಡಬ್ಬಿ ತಿರುಗಿಸಿ. ಪದಾರ್ಥಗಳ ಪಟ್ಟಿಯಲ್ಲಿ ಜಾಸ್ತಿ ಇರೋದು ಮೊದಲು, ಕಮ್ಮಿ ಇರೋದು ಕೊನೆಗೆ ಬರೆದಿರ್ತಾರೆ. ಸಕ್ಕರೆ ಎರಡನೇದೋ ಮೂರನೇದೋ ಆಗಿ, ಎಫ್‌ಓಎಸ್ ವಿಟಮಿನ್‌ಗಳ ಪಕ್ಕ ಬಾಲದಲ್ಲಿ ಇದ್ರೆ ನೀವು ಕೊಂಡಿದ್ದು ಏನು ಅಂತ ಗೊತ್ತಾಯ್ತಲ್ಲ. ಭಾರತದಲ್ಲಿ ಮಾರೋ ಮಕ್ಕಳ ಸೀರಿಯಲ್‌ಗಳಲ್ಲಿ ಸೇರಿಸಿದ ಸಕ್ಕರೆ ಇರೋದು 2024ರಲ್ಲಿ ದೊಡ್ಡ ಸುದ್ದಿ ಆಗಿತ್ತು, ಆಮೇಲೆ ಸಕ್ಕರೆ ಇಲ್ಲದ ಡಬ್ಬಿಗಳೂ ಬಂದಿವೆ. ಪ್ರಯಾಣಕ್ಕೆ, ಕೆಲಸಕ್ಕೆ ಹೋಗೋ ಅಮ್ಮಂದಿರ ಅವಸರಕ್ಕೆ ಸಕ್ಕರೆ ಇಲ್ಲದ್ದು, ಐರನ್ ಸೇರಿಸಿದ್ದು ಒಂದು ಇಟ್ಕೊಂಡ್ರೆ ನಾನೇನೂ ಬೈಯಲ್ಲ, ಐರನ್ ಲೆಕ್ಕದಲ್ಲಿ ಅದು ಉಪಯೋಗಾನೇ.

ಜೇನುತುಪ್ಪ ನ್ಯಾಚುರಲ್ ಪ್ರೀಬಯಾಟಿಕ್ ಅಂತೆ, ಒಂದೇ ಒಂದು ತೊಟ್ಟು ನೆಕ್ಸಿದ್ರೆ?

ವರ್ಷ ತುಂಬೋ ತನಕ ಒಂದು ತೊಟ್ಟೂ ಬೇಡ. ಜೇನಲ್ಲಿ ಬೊಟುಲಿನಮ್ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು, ಎಳೇ ಕರುಳಲ್ಲಿ ಅವು ಮೊಳೆತು ವಿಷ ಬಿಟ್ರೆ ಮಗುವಿನ ಸ್ನಾಯು ಸೋತು ಉಸಿರಿಗೇ ತೊಂದರೆ ಆಗತ್ತೆ. ಕಾಯಿಸಿದ್ರೂ ಹೋಗಲ್ಲ.

ಗ್ರೈಪ್ ವಾಟರ್, ಬಜೆ ತೇಯ್ದು ಕೊಡೋದು, ಇವೂ ಜೀರ್ಣಕ್ಕೇ ಅಲ್ವಾ?

ಅವು ಪ್ರೀಬಯಾಟಿಕ್ ಅಲ್ಲ. ಗ್ರೈಪ್ ವಾಟರ್ 1851ರಲ್ಲಿ ಇಂಗ್ಲೆಂಡಲ್ಲಿ ಹುಟ್ಟಿದ್ದು, ಆಗ ಅದರಲ್ಲಿ ಆಲ್ಕೋಹಾಲೂ ಇತ್ತು, ಮಗು ಸುಮ್ಮನಾಗ್ತಿದ್ದದ್ದರ ಗುಟ್ಟು ಇನ್ನು ಹೇಳಬೇಕಿಲ್ಲ. ಈಗಿನದರಲ್ಲಿ ಆಲ್ಕೋಹಾಲ್ ಇಲ್ಲ, ಲಾಭಾನೂ ಇಲ್ಲ. ಬಜೆ, ಜಾಯಿಕಾಯಿ ತೇಯ್ದು ಆರು ತಿಂಗಳ ಒಳಗೆ ನೆಕ್ಸೋದೂ ಬೇಡ, ಪ್ರಮಾಣ ಯಾರ ಕೈಗೂ ಸಿಗಲ್ಲ, ತೇಯೋ ಕಲ್ಲು ತೊಳೆದಿರತ್ತೋ ಇಲ್ವೋ. ಅಜ್ಜಿಗೆ ಬೇಜಾರಾಗತ್ತೆ ಅಂದ್ರೆ ಬಜೆ ಬಳೆ ಕೈಗೆ ಹಾಕಿಸಿ, ಬಾಯಿಗೆ ಹೋಗದಂಗೆ ನೋಡ್ಕೊಳ್ಳಿ.

## ಸ್ವಲ್ಪ ಆಳದ ಪ್ರಶ್ನೆಗಳು

ಆಶಾ ಅಕ್ಕ ಕೊಟ್ಟ ಐರನ್ ಸಿರಪ್ ಹಾಕಿದ್ರೆ ಹೊಟ್ಟೆ ಕೆಡತ್ತೆ, ಪ್ರೀಬಯಾಟಿಕ್ ಜೊತೆ ಕೊಟ್ರೆ ಸರಿ ಹೋಗತ್ತಾ?

ಪ್ರಶ್ನೆ ಸರಿಯಾಗೇ ಇದೆ, ಇದರ ಮೇಲೆ ಒಳ್ಳೇ ಕೆಲಸ ನಡೆದಿದೆ. ಹೀರಲ್ಪಡದೆ ಉಳಿದ ಐರನ್ ದೊಡ್ಡ ಕರುಳಿಗೆ ಹೋಗಿ ರೋಗ ತರೋ ಬ್ಯಾಕ್ಟೀರಿಯಾಗಳಿಗೆ ಅನುಕೂಲ ಮಾಡ್ಕೊಡತ್ತೆ. ಕೀನ್ಯಾದಲ್ಲಿ ಆರೂವರೆಯಿಂದ ಒಂಬತ್ತೂವರೆ ತಿಂಗಳ ಮಕ್ಕಳಿಗೆ ದಿನಾ ಗಂಜೀಲಿ 5 ಮಿಲಿಗ್ರಾಂ ಐರನ್ ಇರೋ ಪುಡಿ, ಒಂದು ಗುಂಪಿಗೆ ಅದರ ಜೊತೆ 7.5 ಗ್ರಾಂ ಜಿಓಎಸ್ ನಾಲ್ಕು ತಿಂಗಳು ಕೊಟ್ರು. 2017ರಲ್ಲಿ ಬಂದ ಫಲಿತಾಂಶದಲ್ಲಿ ಜಿಓಎಸ್ ಸೇರಿಸಿದವರಲ್ಲಿ ಬಿಫಿಡೋ ಉಳೀತು, ಐರನ್‌ನಿಂದ ಆಗೋ ಕೆಡುಕು ಬಹುಮಟ್ಟಿಗೆ ತಗ್ಗಿತು.

ನಮ್ಮ ಕಡೆ ಅನೀಮಿಯಾ ಮುಕ್ತ ಭಾರತ ಅನ್ನೋ ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡೋದು ಆರು ತಿಂಗಳ ಮೇಲೆ ವಾರಕ್ಕೆ ಎರಡು ಸಲ 1 ಎಂಎಲ್, ಅದರಲ್ಲಿ 20 ಮಿಲಿಗ್ರಾಂ ಐರನ್. ಇದಕ್ಕೆ ಮನೇಲಿ ಜಿಓಎಸ್ ಸೇರಿಸಿ ಅಂತ ಹೇಳಲ್ಲ. ಎದೆಹಾಲು ಮುಂದುವರಿಸಿ, ಊಟ ಆದ ಸ್ವಲ್ಪ ಹೊತ್ತಿಗೆ ಕೊಡಿ, ಮಲ ಕಪ್ಪಗಾದ್ರೆ ಹೆದರಬೇಡಿ. ರಕ್ತ ಕಮ್ಮಿ ಇರೋ ಮಗೂಗೆ ಹೊಟ್ಟೆ ಕೆಡತ್ತೆ ಅಂತ ಸಿರಪ್ಪನ್ನೇ ಬಿಡೋದು ದೊಡ್ಡ ನಷ್ಟ.

ನಂದು ಸಿಸೇರಿಯನ್, ಮಗೂಗೆ ಆಂಟಿಬಯಾಟಿಕ್ಕೂ ಕೊಟ್ರು. ಒಳ್ಳೇ ಬ್ಯಾಕ್ಟೀರಿಯಾ ಎಲ್ಲ ಹೋಯ್ತಾ?

ಸಿಸೇರಿಯನ್ ಮಕ್ಕಳಲ್ಲಿ, ಆಂಟಿಬಯಾಟಿಕ್ ಪಡೆದವರಲ್ಲಿ ಮೊದಲ ವಾರಗಳಲ್ಲಿ ಬಿಫಿಡೋ ಕಮ್ಮಿ ಇರೋದು ನಿಜ. ತಿಂಗಳು ಕಳೀತಾ ವ್ಯತ್ಯಾಸ ಕರಗತ್ತೆ, ಎದೆಹಾಲು ಸಿಕ್ಕಿದ್ರೆ ಬೇಗ ಕರಗತ್ತೆ. ಹೊಲಿಗೆ ನೋವಲ್ಲಿ ಕೂರೋಕಾಗಲ್ಲ ಅಂದ್ರೆ ಪಕ್ಕಕ್ಕೆ ಮಲಗಿ ಹಾಲು ಕೊಡೋದನ್ನ ನರ್ಸ್ ಹತ್ರ ಕಲೀರಿ. ನಿಮ್ಮನ್ನ ನೀವು ಬೈಕೊಳ್ಳೋ ಅಗತ್ಯ ಇಲ್ಲ, ಆಪರೇಷನ್ ಬೇಕಿತ್ತು, ಆಯ್ತು.

ಒಡಿಶಾದಲ್ಲಿ ಹುಟ್ಟಿದ ಮಕ್ಕಳಿಗೆ ಏನೋ ಕೊಟ್ಟು ಸಾವು ಕಮ್ಮಿ ಮಾಡಿದ್ರಂತೆ, ಅದನ್ನ ಎಲ್ರಿಗೂ ಯಾಕೆ ಕೊಡ್ತಿಲ್ಲ?

ಪಿನಾಕಿ ಪಾಣಿಗ್ರಾಹಿ ಅವರ ತಂಡದ ಅಧ್ಯಯನ ಅದು, 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಒಡಿಶಾದ ಹಳ್ಳಿಗಳ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ನವಜಾತ ಶಿಶುಗಳಿಗೆ ಏಳು ದಿನ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಅನ್ನೋ ಬ್ಯಾಕ್ಟೀರಿಯಾ ಮತ್ತು ಎಫ್‌ಓಎಸ್ ಸೇರಿಸಿ, ಇಲ್ಲವೇ ಬರೀ ಡಮ್ಮಿ ಪುಡಿ ಕೊಟ್ರು. ನಂಜು (ಸೋಂಕು ಮೈಗೆಲ್ಲ ಹರಡೋ ಸೆಪ್ಸಿಸ್) ಅಥವಾ ಸಾವು ಡಮ್ಮಿ ಗುಂಪಲ್ಲಿ 9 ಪರ್ಸೆಂಟ್, ಔಷಧಿ ಗುಂಪಲ್ಲಿ 5.4 ಪರ್ಸೆಂಟ್. ದೊಡ್ಡ ಫಲಿತಾಂಶ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಇಳಿದಿದ್ದು ಮುಖ್ಯವಾಗಿ ನಂಜು, ಮತ್ತೆ ಅವರೆಲ್ಲ ಎದೆಹಾಲು ಕುಡೀತಿದ್ದ, 2 ಕೆಜಿ ಮತ್ತು ಅದಕ್ಕೂ ಮೇಲಿನ ತೂಕದ ಮಕ್ಕಳು. ಬರೀ ಎಫ್‌ಓಎಸ್ ಕೊಟ್ಟು ನೋಡಿಲ್ಲ, ಅಂಗಡೀಲಿ ಸಿಗೋ ಬೇರೆ ಬ್ಯಾಕ್ಟೀರಿಯಾದ ಡ್ರಾಪ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಒಂದು ತಳಿಯ ಫಲಿತಾಂಶ ಇನ್ನೊಂದಕ್ಕೆ ಅಂಟಿಸೋಕಾಗಲ್ಲ, ಇನ್ನೊಂದು ಊರಿಗೂ ಹಾಗೇ ಎತ್ತಿಡೋಕಾಗಲ್ಲ.

ಏಳು ತಿಂಗಳಿಗೇ ಹುಟ್ಟಿದ ಮಗು, ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದೆ. ಪ್ರೋಬಯಾಟಿಕ್, ಪ್ರೀಬಯಾಟಿಕ್ ಹೊರಗಿಂದ ತಂದ್ಕೊಡ್ಲಾ?

ಹೊರಗಿಂದ ಏನೂ ತರಬೇಡಿ. 2023ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಪ್ರೋಬಯಾಟಿಕ್ ಕೊಟ್ಟ ಅವಧಿಪೂರ್ವ ಮಗುವೊಂದು ಅದೇ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ತೀರ್ಕೊಂಡ ಮೇಲೆ ಎಚ್ಚರಿಕೆ ಹೊರಡಿಸ್ತು. ಕೊಡಬೇಕೋ ಬೇಡ್ವೋ ಅನ್ನೋದು ಆ ಮಗೂನ ನೋಡ್ತಿರೋ ಡಾಕ್ಟರ್ ತೀರ್ಮಾನ. ನೀವು ತಂದುಕೊಡಬಹುದಾದ್ದು ನಿಮ್ಮ ಹಿಂಡಿದ ಹಾಲು, ಐದು ಎಂಎಲ್ ಆದ್ರೂ ಸರಿ. ಹಾಲು ಬರ್ತಿಲ್ಲ ಅಂದ್ರೆ ಹತ್ರ ಎದೆಹಾಲಿನ ಬ್ಯಾಂಕ್ ಇದ್ಯಾ ಕೇಳಿ.

ಮಗು ತೂಕ ಏರ್ತಿಲ್ಲ, ಹೊಟ್ಟೆ ಬ್ಯಾಕ್ಟೀರಿಯಾ ಸರಿ ಮಾಡಿದ್ರೆ ಏರತ್ತೆ ಅಂತ ಓದಿದೆ, ನಿಜಾನಾ?

ನೀವು ಓದಿದ್ದು ಬಹುಶಃ ಢಾಕಾದ ಮೀರ್‌ಪುರ್ ಕೊಳೆಗೇರಿಯ ಕೆಲಸ. ಅಲ್ಲಿನ ಐಸಿಡಿಡಿಆರ್,ಬಿ ಅನ್ನೋ ಆರೋಗ್ಯ ಸಂಶೋಧನಾ ಸಂಸ್ಥೆಯ ತಹಮೀದ್ ಅಹ್ಮದ್, ಅಮೆರಿಕದ ವಿಜ್ಞಾನಿ ಜೆಫ್ರಿ ಗಾರ್ಡನ್ ಸೇರಿ ಸೊರಗಿದ ಮಕ್ಕಳ ಹೊಟ್ಟೆಯ ಬ್ಯಾಕ್ಟೀರಿಯಾ ವಯಸ್ಸಿಗೆ ತಕ್ಕಂತೆ ಬೆಳೆದಿರಲ್ಲ ಅಂತ ಕಂಡುಕೊಂಡ್ರು, ಆಮೇಲೆ ಯಾವ ಆಹಾರ ಕೊಟ್ರೆ ಅದು ಬೆಳೆಯತ್ತೆ ಅಂತ ಹುಡುಕಿದ್ರು. ಸಿಕ್ಕಿದ್ದು ಏನು ಗೊತ್ತಾ, ಕಡಲೆ ಹಿಟ್ಟು, ಸೋಯಾ, ಕಡಲೆಕಾಯಿ, ಬಾಳೆಕಾಯಿ. 12ರಿಂದ 18 ತಿಂಗಳ ಮಕ್ಕಳಿಗೆ ಮೂರು ತಿಂಗಳು ಕೊಟ್ಟಾಗ, ಸೊರಗಿದ ಮಕ್ಕಳಿಗೆ ಕೊಡೋ ಮಾಮೂಲಿ ಪೂರಕ ಆಹಾರಕ್ಕಿಂತ ಕ್ಯಾಲೊರಿ ಕಮ್ಮಿ ಇದ್ರೂ ಇದರಲ್ಲೇ ತೂಕ ಚೆನ್ನಾಗಿ ಏರ್ತು. 2021ರಲ್ಲಿ ಪ್ರಕಟ ಆಯ್ತು.

ಇದನ್ನ ಮನೇಲಿ ಅಳತೆ ಪ್ರಕಾರ ನಕಲು ಮಾಡೋಕೆ ಹೋಗಬೇಡಿ, ಅದಕ್ಕೆ ವಿಟಮಿನ್ ಖನಿಜ ಎಲ್ಲ ಲೆಕ್ಕ ಹಾಕಿ ಸೇರಿಸಿರ್ತಾರೆ. ಆದ್ರೆ ಹುರಿದ ಕಡಲೆಕಾಯಿ ನುಣ್ಣಗೆ ಅರೆದು, ಹುರಿಗಡಲೆ ಪುಡಿ ಮಾಡಿ ಸರಿಗೆ ಸೇರಿಸೋದಕ್ಕೆ ಯಾರ ಅಪ್ಪಣೆಯೂ ಬೇಡ, ಇಡೀ ಕಾಳು ಮಾತ್ರ ಗಂಟಲಲ್ಲಿ ಸಿಕ್ಕೊಳ್ಳತ್ತೆ, ಕೊಡಬೇಡಿ. ತೂಕ ಎರಡು ತಿಂಗಳು ಸಾಲಾಗಿ ನಿಂತಿದ್ರೆ ಮೊದಲು ತಾಯಿ ಕಾರ್ಡಿನ ಗ್ರಾಫ್ ತಗೊಂಡು ಡಾಕ್ಟರ್ ಹತ್ರ ಹೋಗಿ, ಉಚ್ಚೆಯ ಇನ್‌ಫೆಕ್ಷನ್, ಟಿಬಿ, ಹೃದಯದ ತೊಂದರೆ ಇಂಥವು ಕೆಲವು ಸಲ ಹಿಂದೆ ಇರ್ತವೆ.

ಭೇದಿ ಆದಾಗ ಪ್ರೀಬಯಾಟಿಕ್ ಡಬ್ಬಿ ನಿಲ್ಲಿಸ್ಬೇಕಾ?

ಕುಡೀತಿದ್ದ ಫಾರ್ಮುಲಾ ಸಾಮಾನ್ಯವಾಗಿ ನಿಲ್ಲಿಸೋದು ಬೇಡ, ನೀರು ಬೆರೆಸಿ ತೆಳು ಮಾಡೋದೂ ಬೇಡ, ಎದೆಹಾಲಂತೂ ಜಾಸ್ತಿ ಸಲ ಕೊಡಿ. ಜೀವ ಉಳಿಸೋದು ಓಆರ್‌ಎಸ್, ಜೊತೆಗೆ 14 ದಿನ ಜಿಂಕ್, ಆರು ತಿಂಗಳ ಒಳಗಿದ್ರೆ 10 ಮಿಲಿಗ್ರಾಂ, ಮೇಲಿದ್ರೆ 20. ಭೇದಿ ನಿಂತ್ಮೇಲೂ ಜಿಂಕ್ ಪೂರ್ತಿ ಮುಗಿಸಿ, ಅರ್ಧಕ್ಕೆ ಬಿಡೋರೇ ಜಾಸ್ತಿ. ಅಂಗಡೀಲಿ ಟೆಟ್ರಾ ಪ್ಯಾಕಲ್ಲಿ ಸಿಗೋ ಸಿಹಿ ಡ್ರಿಂಕ್‌ಗಳು ಓಆರ್‌ಎಸ್ ಅಲ್ಲ, ಪ್ಯಾಕೆಟ್ ಮೇಲೆ ಡಬ್ಲ್ಯೂಎಚ್‌ಓ ಫಾರ್ಮುಲಾ ಅಂತ ಇರೋದನ್ನೇ ಕೇಳಿ ತಗೊಳ್ಳಿ.

ಮಲಬದ್ಧತೆಗೆ ಡಾಕ್ಟರ್ ಲ್ಯಾಕ್ಟುಲೋಸ್ ಸಿರಪ್ ಕೊಟ್ಟಿದಾರೆ, ಅಭ್ಯಾಸ ಆಗೋಗತ್ತೆ ಅಂತ ಭಯ. ಪ್ರೀಬಯಾಟಿಕ್ ಆಹಾರದಲ್ಲೇ ಸರಿ ಮಾಡೋಕಾಗಲ್ವಾ?

ಲ್ಯಾಕ್ಟುಲೋಸ್ ಕೂಡ ಅರಗದ ಸಕ್ಕರೇನೇ, ಹಾಲಿನ ಲ್ಯಾಕ್ಟೋಸ್‌ನಿಂದಾನೇ ಮಾಡೋದು, ದೊಡ್ಡ ಕರುಳಿಗೆ ಹೋಗಿ ನೀರು ಎಳೆದು ಮಲ ಮೆತ್ತಗೆ ಮಾಡತ್ತೆ, ಬ್ಯಾಕ್ಟೀರಿಯಾಗಳೂ ಅದನ್ನ ತಿಂತವೆ. ಕರುಳನ್ನ ಸೋಮಾರಿ ಮಾಡಲ್ಲ. ಒಂದು ಸಲ ಗಟ್ಟಿ ಮಲದಿಂದ ನೋವು ತಿಂದ ಮಗು ಹೆದರಿ ತಡೆ ಹಿಡಿಯತ್ತೆ, ಹಿಡಿದಷ್ಟೂ ಇನ್ನೂ ಗಟ್ಟಿ ಆಗತ್ತೆ, ಈ ಸುತ್ತು ಮುರಿಯೋಕೆ ಸಿರಪ್ ಬೇಕು. ಈಗಾಗ್ಲೇ ಶುರುವಾದ ಮಲಬದ್ಧತೆಗೆ ಪ್ರೀಬಯಾಟಿಕ್‌ನ ಚಿಕಿತ್ಸೆಯಾಗಿ ಕೊಡೋಕೆ ಪುರಾವೆ ಇಲ್ಲ ಅಂತ 2014ರ ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜಠರತಜ್ಞರ ಮಾರ್ಗಸೂಚಿ ಹೇಳತ್ತೆ. ಹಣ್ಣು, ಸೊಪ್ಪು, ಬೇಳೆ, ನೀರು ಜೊತೆಜೊತೆಗೆ ನಡೀಲಿ, ಸಿರಪ್ ನಿಲ್ಲಿಸೋದು ಮಾತ್ರ ಡಾಕ್ಟರ್ ಹೇಳಿದ್ಮೇಲೆ, ಅದೂ ನಿಧಾನಕ್ಕೆ ಇಳಿಸ್ತಾ.